ನೇರಳೆ ಶರಬತ್ತು ಕುಡಿದರೆ ವಾಂತಿಭೇದಿ ವೈರಸ್ ಸಾಯುತ್ತಾ? ಹಾಗಾದರೆ ನಮ್ಮ ಮನೆಯಲ್ಲಿ ಆಗಿದ್ದೇನು?

ಕವಳಿಮುಳ್ಳು (ಮೂಡಿಗೆರೆ ಕಡೆ)

ಸ್ವಲ್ಪ ಉದ್ದದ ಕಥೆ, ಬೇಜಾರು ಮಾಡಿಕೊಳ್ಳದೆ ಓದಿ.

ಜೂನ್ ಮೊದಲ ವಾರ ನಮ್ಮ ಹೊಸ ಮನೆಯ ಗೃಹಪ್ರವೇಶ ಇತ್ತು. ಹತ್ತಿರ ಹತ್ತಿರ 150 ಜನ. ಬಂದವರಿಗೆಲ್ಲ ಮೊದಲು ನೇರಳೆ ಹಣ್ಣಿನ ಶರಬತ್ತು ಕೊಟ್ಟೆವು. ಹಣ್ಣು ನಮ್ಮ ತೋಟದ್ದೇ. ಮರದ ಕೆಳಗೆ ಹಳೇ ಸೀರೆ ಹಾಸಿ ಉದುರಿಸಿ, ಬೀಜ ಬಿಡಿಸಿ, ತಿರುಳನ್ನು ಡಬ್ಬಿಗೆ ತುಂಬಿ ಒಂದು ವಾರ ಮೊದಲೇ ಫ್ರೀಜರಿಗೆ ಹಾಕಿದ್ದೆ. ಎಲ್ಲರೂ ಹೊಗಳಿದರು. ಶುಗರ್ ಇರುವ ಹಿರಿಯರಂತೂ ಒಳ್ಳೆಯದು ಅಂತ ಎರಡೆರಡು ಲೋಟ ಕುಡಿದರು.

ಮಾರನೇ ದಿನ ಸಂಜೆಯಿಂದ ಫೋನ್ ಶುರುವಾಯಿತು. ಅವರಿಗೆ ವಾಂತಿ, ಇವರಿಗೆ ಭೇದಿ. ನಮ್ಮ ಭಾವ ಬಚ್ಚಲಮನೆ ಬಾಗಿಲಲ್ಲೇ ದಿಂಬು ಹಾಕಿಕೊಂಡು ಮಲಗಿದ್ದರಂತೆ. ಲೆಕ್ಕ ಹಾಕಿದರೆ ನಲವತ್ತು ಜನಕ್ಕೆ ಕಡಿಮೆ ಇಲ್ಲ. ಪುಣ್ಯಕ್ಕೆ ಎರಡು ಮೂರು ದಿನದಲ್ಲಿ ಎಲ್ಲರೂ ಎದ್ದು ಕೂತರು. ಬೈಗುಳ ಎಲ್ಲ ಅಡುಗೆ ಭಟ್ಟರಿಗೆ ಹೋಯಿತು. ಕೋಸಂಬರಿ ಹಳಸಿತ್ತು ಅಂತ ಒಬ್ಬರು, ಪಾಯಸದ ಹಾಲು ಒಡೆದಿತ್ತು ಅಂತ ಇನ್ನೊಬ್ಬರು. ಬಾಕಿ ದುಡ್ಡು ಕೊಡುವಾಗ ನಾವೂ ಎರಡು ಮಾತು ಅಂದೆವು.

ಈಗ ವಿಷಯಕ್ಕೆ ಬರುತ್ತೇನೆ. ನಿನ್ನೆ ಸೋದರತ್ತೆ ಮಗ ವಾಟ್ಸಾಪಿನಲ್ಲಿ ಒಂದು ಫಾರ್ವರ್ಡ್ ಕಳಿಸಿದ್ದಾನೆ. ಬೆರಿ ಜಾತಿಯ ಹಣ್ಣಿನ ರಸದಲ್ಲಿ ವಾಂತಿಭೇದಿ ವೈರಸ್ ಒಂದೇ ಗಂಟೆಯಲ್ಲಿ ಸಾಯುತ್ತದೆ, ಅಮೆರಿಕದಲ್ಲಿ ಸಾಬೀತಾಗಿದೆ, ನಮ್ಮ ನೇರಳೆ ಅದಕ್ಕಿಂತ ಮೇಲು ಅಂತ. ನನ್ನ ತಲೆ ಕೆಟ್ಟಿತು. ಶರಬತ್ತು ಕುಡಿದವರೇ ತಾನೇ ವಾಂತಿ ಮಾಡಿದ್ದು?

ಗುಡ್ಡದಜ್ಜ (ಸಕಲೇಶಪುರ)

ಫಾರ್ವರ್ಡ್ ಬಿಡಮ್ಮ. ಆದರೆ ನೇರಳೆಯಲ್ಲಿ ಗುಣ ಇಲ್ಲ ಅನ್ನಬೇಡ. ನಾವು ಚಿಕ್ಕವರಿದ್ದಾಗ ಭೇದಿ ಹತ್ತಿದರೆ ನೇರಳೆ ಚಕ್ಕೆ ಕಷಾಯ, ಇಲ್ಲ ದಾಳಿಂಬೆ ಸಿಪ್ಪೆ ಮಜ್ಜಿಗೆಯಲ್ಲಿ ಅರೆದು ಕೊಡುತ್ತಿದ್ದರು. ಬಾಯಿಗಿಟ್ಟರೆ ಒಗರು ಒಗರು. ನಿಂತೂ ಹೋಗುತ್ತಿತ್ತು.

ಸೌಟು (ಆಲೂರು)

ಕೋಸಂಬರಿ ಹಳಸಿದ್ದರೆ ಬಾಯಿಗೆ ಇಟ್ಟ ಕೂಡಲೇ ಗೊತ್ತಾಗುತ್ತದೆ ಮೇಡಂ. 150 ಜನ ನಾಲಿಗೆ ಇಲ್ಲದವರಾ? ಇಪ್ಪತ್ತು ವರ್ಷದಿಂದ ಸೌಟು ಹಿಡಿದಿದ್ದೇನೆ. ಏನಾದರೂ ಮೊದಲು ಬೈಸಿಕೊಳ್ಳುವುದು ನಾವೇ. ಮುಂದೆ ಹೇಳಿ, ಓದುತ್ತೇನೆ.

ಪೆಟ್ರಿತಟ್ಟೆ (ಹಾಸನ)

ಕವಳಿಮುಳ್ಳು ಅಕ್ಕ, ಆ ಫಾರ್ವರ್ಡ್ ಪೂರ್ತಿ ಸುಳ್ಳಲ್ಲ. ಅದೇ ತೊಂದರೆ. ಪೂರ್ತಿ ಸುಳ್ಳಾಗಿದ್ದರೆ ಒಂದು ಸಾಲಿನಲ್ಲಿ ಮುಗಿಸುತ್ತಿದ್ದೆ. ನಾನು ಓದಿದ್ದು ಆಹಾರದ ಸೂಕ್ಷ್ಮಜೀವಿಗಳ ವಿಷಯವೇ, ಅದಕ್ಕೆ ಸ್ವಲ್ಪ ಕೊರೆಯುತ್ತೇನೆ.

ಮೂಲ ಪ್ರಯೋಗ ಟೆನ್ನೆಸ್ಸೀ ವಿಶ್ವವಿದ್ಯಾಲಯದ ಡೋರಿಸ್ ಡಿಸೋಜಾ ಅವರ ತಂಡದ್ದು, 2010ರಲ್ಲಿ ಪ್ರಕಟವಾಗಿದ್ದು. ಹಣ್ಣು ಕ್ರ್ಯಾನ್‌ಬೆರಿ. ಉತ್ತರ ಅಮೆರಿಕದ ಜೌಗು ನೆಲದಲ್ಲಿ ಬೆಳೆಯುವ ಹುಳಿ ಹಣ್ಣು ಅದು, ನೇರಳೆಗೂ ಅದಕ್ಕೂ ನೆಂಟಸ್ತನ ಇಲ್ಲ. ಅದರ ರಸವನ್ನು ವೈರಸ್ ಜತೆ ಬೆರೆಸಿ ಕೋಣೆಯ ಉಷ್ಣತೆಯಲ್ಲಿ ಒಂದು ಗಂಟೆ ಇಟ್ಟರು. ಒಂದು ವೈರಸ್ ಲೆಕ್ಕಕ್ಕೇ ಸಿಗದಷ್ಟು ಇಳಿಯಿತು. ಇನ್ನೊಂದು ನೂರರಲ್ಲಿ ಒಂದು ಪಾಲಿಗೆ ಇಳಿಯಿತು. ಇಷ್ಟು ನಿಜ.

ಯಾಕೆ ಇಳಿಯಿತು ಅನ್ನುವುದು ಅಜ್ಜ ಹೇಳಿದ ಪದದಲ್ಲೇ ಇದೆ. ಒಗರು. ನೇರಳೆ ತಿಂದಾಗ ನಾಲಿಗೆ ದೊರಗಾಗುತ್ತದೆ, ಕೆನ್ನೆ ಒಳಗಿನಿಂದ ಎಳೆದ ಹಾಗೆ ಆಗುತ್ತದೆ, ಅಲ್ವಾ? ಹಣ್ಣಿನ ಒಗರಿನ ಅಂಶ, ಅಂದರೆ ಟ್ಯಾನಿನ್, ಜೊಲ್ಲಿನಲ್ಲಿರುವ ಪ್ರೋಟೀನಿಗೆ ಅಂಟಿ ಗಂಟು ಕಟ್ಟುತ್ತದೆ. ಜಾರುತ್ತಿದ್ದ ಬಾಯಿ ಒರಟಾಗುತ್ತದೆ. ಕ್ರ್ಯಾನ್‌ಬೆರಿಯಲ್ಲಿ ಈ ಕೆಲಸ ಮಾಡುವುದು ಪ್ರೋಆಂಥೋಸಯನಿಡಿನ್ ಅನ್ನುವ ಟ್ಯಾನಿನ್. ವೈರಸ್ಸಿನ ಹೊರಚಿಪ್ಪು ಸಹ ಪ್ರೋಟೀನೇ. ಅದಕ್ಕೂ ಹೋಗಿ ಮೆತ್ತಿಕೊಳ್ಳುತ್ತದೆ. ಮೈಗೆ ಅಂಟು ಮೆತ್ತಿಕೊಂಡ ವೈರಸ್ಸಿಗೆ ಕರುಳಿನ ಕೋಶವನ್ನು ಹಿಡಿದುಕೊಳ್ಳಲು ಆಗುವುದಿಲ್ಲ.

ಆ ಮೇಲೆ ಬ್ಲೂಬೆರಿ, ದಾಳಿಂಬೆ ರಸ, ದ್ರಾಕ್ಷಿ ಬೀಜದ ಸಾರ, ಕೊರಿಯಾದಲ್ಲಿ ಕಪ್ಪು ರಾಸ್ಪ್‌ಬೆರಿ, ಹೀಗೆ ಒಂದೊಂದನ್ನೇ ನೋಡಿದ್ದಾರೆ. ಒಗರು ಜಾಸ್ತಿ ಇರುವ ಹಣ್ಣುಗಳೇ ಎಲ್ಲ.

ಜ್ಯೂಸಣ್ಣ (ಚಿಕ್ಕಮಗಳೂರು)

ಭೇಷ್! ಗಿರಿ ರಸ್ತೆಯಲ್ಲಿ ನನ್ನದೊಂದು ಅಂಗಡಿ ಇದೆ, ನೇರಳೆ, ನೆಲ್ಲಿ, ಮುರುಗಲು ಮೂರೂ ಮಾರುತ್ತೇನೆ. ಬಾಟಲಿ ಮೇಲೆ 'ವೈರಸ್ ನಾಶಕ' ಅಂತ ಒಂದು ಸ್ಟಿಕ್ಕರ್ ಹಾಕಿಸಿಬಿಡಲಾ?

ಪೆಟ್ರಿತಟ್ಟೆ (ಹಾಸನ)

ಹಾಕಿಸಬೇಡಿ ಅಣ್ಣ, ಸಿಕ್ಕಿಹಾಕಿಕೊಳ್ಳುತ್ತೀರಿ. ತಿನ್ನುವ ಪದಾರ್ಥ ಕಾಯಿಲೆ ಗುಣ ಮಾಡುತ್ತದೆ ಅಂತ ಬರೆದು ಮಾರಲು ನಮ್ಮ ಆಹಾರ ಕಾನೂನು ಬಿಡುವುದಿಲ್ಲ. ಸ್ಟಿಕ್ಕರ್ ಪ್ರಿಂಟಿಗೆ ಕೊಡುವ ಮುಂಚೆ ಇನ್ನೂ ನಾಲ್ಕು ವಿಷಯ ಕೇಳಿ.

ಪ್ರಯೋಗದಲ್ಲಿ ಬಳಸಿದ್ದು ಮನುಷ್ಯರಿಗೆ ಹತ್ತುವ ವಾಂತಿಭೇದಿ ವೈರಸ್, ಅಂದರೆ ನೊರೊವೈರಸ್ ಅಲ್ಲ. ಅದನ್ನು ಲ್ಯಾಬಿನಲ್ಲಿ ಬೆಳೆಸುವುದೇ ಆಗ ಆಗುತ್ತಿರಲಿಲ್ಲ. ಕರುಳಿನ ಕೋಶಗಳಿಂದ ಪುಟ್ಟ ಕರುಳಿನಂಥದ್ದನ್ನು ಮಾಡಿ ಅದರಲ್ಲಿ ಬೆಳೆಸಲು ಸಾಧ್ಯವಾಗಿದ್ದು 2016ರಲ್ಲಿ. ಅದಕ್ಕೆ ಮುಂಚೆ ಎಲ್ಲರೂ ಅದರ ದಾಯಾದಿಗಳನ್ನು ಇಟ್ಟುಕೊಂಡು ಕೆಲಸ ಮಾಡಿದರು. ಇಲಿಯ ನೊರೊವೈರಸ್, ಬೆಕ್ಕಿನ ಕ್ಯಾಲಿಸಿವೈರಸ್. ಲೆಕ್ಕಕ್ಕೆ ಸಿಗದಂತೆ ಮಾಯವಾಯಿತು ಅಂದೆನಲ್ಲ, ಅದು ಬೆಕ್ಕಿನದು. ಅದು ಹುಳಿ ತಡೆಯದ ಪಾಪದ ವೈರಸ್. ಮನುಷ್ಯರದ್ದು ಹೊಟ್ಟೆಯ ಆಮ್ಲವನ್ನೇ ದಾಟಿ ಹೋಗುವ ಗಟ್ಟಿಗ.

ಇನ್ನು ಲೆಕ್ಕ ನೋಡಿ. ನೂರರಲ್ಲಿ 99 ಸತ್ತವು ಅಂದರೆ ನಮಗೆ ದೊಡ್ಡದು. ಆದರೆ ಕಾಯಿಲೆ ಬಿದ್ದವರ ಒಂದು ಗ್ರಾಂ ಮಲದಲ್ಲಿ ನೂರು ಕೋಟಿ ಕಣಗಳಿದ್ದರೂ ಆಶ್ಚರ್ಯ ಇಲ್ಲ. ಅದರಲ್ಲಿ 99 ಪಾಲು ತೆಗೆದರೂ ಒಂದು ಕೋಟಿ ಉಳಿಯುತ್ತದೆ. ಕಾಯಿಲೆ ಹತ್ತಲು ಹತ್ತಾರು ಕಣ ಸಾಕು.

ಗುಡ್ಡದಜ್ಜ (ಸಕಲೇಶಪುರ)

ಹಂಗಾದ್ರೆ ನಮ್ಮ ಬೆಕ್ಕಿಗೆ ಕುಡಿಸಬಹುದು ಅಂತಾಯಿತು.

ಪೆಟ್ರಿತಟ್ಟೆ (ಹಾಸನ)

ಬೆಕ್ಕು ಒಪ್ಪಿದರೆ ನನ್ನದೇನೂ ಅಡ್ಡಿ ಇಲ್ಲ ಅಜ್ಜ.

ಒಂದು ಮಾತು ಬಿಟ್ಟೆ. ಹಾಲು. ಹಾಲು ಹಾಕದ ಕಣ್ಣ ಚಹಾ ಒಗರು ಇರುತ್ತದೆ, ಹಾಲು ಹಾಕಿದರೆ ಒಗರು ಹೋಗುತ್ತದೆ. ಯಾಕೆಂದರೆ ಟ್ಯಾನಿನ್ ಹಾಲಿನ ಪ್ರೋಟೀನಿಗೆ ಅಂಟಿಕೊಂಡುಬಿಡುತ್ತದೆ, ನಾಲಿಗೆಗೆ ಅಂಟಲು ಏನೂ ಉಳಿಯುವುದಿಲ್ಲ. ವೈರಸ್ ವಿಷಯದಲ್ಲೂ ಅಷ್ಟೇ. ದ್ರಾಕ್ಷಿ ಬೀಜದ ಸಾರವನ್ನು ಸೇಬಿನ ರಸದಲ್ಲಿ ಹಾಕಿದಾಗ ಚೆನ್ನಾಗಿ ಕೆಲಸ ಮಾಡಿತು, ಹಾಲಿನಲ್ಲಿ ಹಾಕಿದಾಗ ಇಡೀ ದಿನ ಬಿಟ್ಟರೂ ಹೆಚ್ಚೇನೂ ಆಗಲಿಲ್ಲ. ಹೊಟ್ಟೆಯಲ್ಲಿ ಅನ್ನ, ಬೇಳೆ, ಮೊಸರು ಎಲ್ಲ ಇರುವಾಗ ಟ್ಯಾನಿನ್ ವೈರಸ್ಸನ್ನೇ ಹುಡುಕಿಕೊಂಡು ಹೋಗುತ್ತದೆ ಅಂತ ಹೇಳುವ ಹಾಗಿಲ್ಲ. ನೇರಳೆ ಮಿಲ್ಕ್‌ಶೇಕ್ ಅಂತೂ ರುಚಿಗೆ ಮಾತ್ರ.

ರಾತ್ರಿಪಾಳಿ (ಚಿಕ್ಕಮಗಳೂರು, ನರ್ಸ್)

ಈಗ ತಾನೇ ಡ್ಯೂಟಿ ಮುಗಿಸಿ ಬಂದು ಎಲ್ಲ ಓದಿದೆ. ಲ್ಯಾಬ್ ಮಾತು ಚೆನ್ನಾಗಿದೆ. ನನಗೆ ಬೇಕಾಗಿರುವುದು ಗೃಹಪ್ರವೇಶದ ಕಥೆ. ಕವಳಿಮುಳ್ಳು ಅವರೇ, ಬೇಜಾರಿಲ್ಲದಿದ್ದರೆ ಹೇಳಿ. ಊಟ ಆಗಿ ಎಷ್ಟು ಹೊತ್ತಿಗೆ ಶುರುವಾಯಿತು? ಶರಬತ್ತು ಕುಡಿಯದೆ ಊಟ ಮಾತ್ರ ಮಾಡಿದವರು ಯಾರಾದರೂ ಇದ್ದರಾ? ಅವರಿಗೆ ಏನಾದರೂ ಆಯಿತಾ? ಹಣ್ಣು ಬಿಡಿಸಿದ ವಾರ ನಿಮ್ಮ ಮನೆಯಲ್ಲಿ ಯಾರಿಗಾದರೂ ಹೊಟ್ಟೆ ಕೆಟ್ಟಿತ್ತಾ?

ಕವಳಿಮುಳ್ಳು (ಮೂಡಿಗೆರೆ ಕಡೆ)

ಬೆಳಿಗ್ಗೆ 11ಕ್ಕೆ ಶರಬತ್ತು, 1 ಗಂಟೆಗೆ ಊಟ. ಮೊದಲ ಫೋನ್ ಬಂದಿದ್ದು ಮಾರನೇ ದಿನ ಸಂಜೆ 5ರ ಹೊತ್ತಿಗೆ. ಅಂದರೆ ಶರಬತ್ತು ಕುಡಿದು 30 ಗಂಟೆ.

ಬಾಳೂರಿನಿಂದ ಒಂದು ಜೀಪ್ ತಡವಾಗಿ ಬಂತು. ಒಂಬತ್ತು ಜನ. ಅಷ್ಟರಲ್ಲಿ ಶರಬತ್ತು ಖಾಲಿ. ಅವರು ನೇರವಾಗಿ ಎಲೆಗೆ ಕೂತರು. ಈಗ ಫೋನ್ ಮಾಡಿ ಕೇಳಿದೆ. ಒಬ್ಬರಿಗೂ ಏನೂ ಆಗಿಲ್ಲ.

ಇನ್ನೊಂದು ಈಗ ಹೊಳೆಯಿತು. ಮಕ್ಕಳು ಯಾರೂ ಬೀಳಲಿಲ್ಲ. ಒಗರು ಅಂತ ಒಂದು ಗುಟುಕು ಕುಡಿದು ಮುಖ ಹಿಂಡಿ ಲೋಟ ಅಲ್ಲೇ ಇಟ್ಟು ಓಡಿದ್ದರು.

ಮೂರನೇ ಪ್ರಶ್ನೆಗೆ ನಾಳೆ ಬರೆಯುತ್ತೇನೆ.

ಸೌಟು (ಆಲೂರು)

ಬಾಳೂರಿನವರು ಕೋಸಂಬರಿ ತಿಂದಿದ್ದರಾ ಮೇಡಂ? ಸುಮ್ನೆ ಕೇಳಿದೆ.

ಕವಳಿಮುಳ್ಳು (ಮೂಡಿಗೆರೆ ಕಡೆ)

ತಿಂದಿದ್ದರು. ಎರಡು ಸಲ ಹಾಕಿಸಿಕೊಂಡರಂತೆ.

ರಾತ್ರಿ ನಿದ್ದೆ ಬರಲಿಲ್ಲ, ಅದಕ್ಕೆ ಈಗಲೇ ಬರೆದುಬಿಡುತ್ತೇನೆ. ಹಣ್ಣು ಬಿಡಿಸಿದ ಹಿಂದಿನ ದಿನ ನನ್ನ ಮಗನಿಗೆ ವಾಂತಿ ಆಗಿತ್ತು. ನಾಲ್ಕು ವರ್ಷ. ಅಂಗನವಾಡಿಯಲ್ಲಿ ಇನ್ನೂ ಇಬ್ಬರು ಮಕ್ಕಳಿಗೆ ಆಗಿತ್ತು. ಒಂದೇ ದಿನಕ್ಕೆ ಸರಿಹೋದ, ನಾವು ಮರೆತೇಬಿಟ್ಟೆವು. ಹಾಸಿಗೆ ಒಗೆದು, ನೆಲ ಒರೆಸಿದ್ದು ನಾನೇ. ಮಾರನೇ ದಿನ ಬೆಳಿಗ್ಗೆ ಹಿತ್ತಲ ಕಟ್ಟೆ ಮೇಲೆ ಕೂತು ಎರಡು ಕೊಳಗದಷ್ಟು ನೇರಳೆ ಬಿಡಿಸಿದ್ದೂ ನಾನೇ. ಹಣ್ಣು ಕಿವುಚಿ ಬೀಜ ತೆಗೆಯುವುದು ಕೈಯಲ್ಲೇ ಅಲ್ವಾ? ಉಗುರ ಸಂದಿಯ ನೇರಳೆ ಬಣ್ಣ ಗೃಹಪ್ರವೇಶದ ದಿನದವರೆಗೂ ಹೋಗಿರಲಿಲ್ಲ. ಫೋಟೋದಲ್ಲಿ ಸಹ ಕಾಣುತ್ತದೆ.

ಕೈ ತೊಳೆದಿದ್ದೆ. ಮಧ್ಯೆ ಮಧ್ಯೆ ಮಗ ಕರೆದಾಗ ಎದ್ದು ಹೋಗಿ ಬಂದು ಸ್ಯಾನಿಟೈಸರ್ ಹಾಕಿಕೊಳ್ಳುತ್ತಿದ್ದೆ. ಕೊರೊನಾ ಕಾಲದ ಬಾಟಲಿ ಕಿಟಕಿಯಲ್ಲೇ ಇತ್ತು.

ರಾತ್ರಿಪಾಳಿ (ಚಿಕ್ಕಮಗಳೂರು, ನರ್ಸ್)

ಮೊದಲು ಒಂದು ಮಾತು. ಮಲದ ಪರೀಕ್ಷೆ ಯಾರದ್ದೂ ಆಗಿಲ್ಲ, ಹಾಗಾಗಿ ಇದು ನೊರೊವೈರಸ್ಸೇ ಅಂತ ಯಾರೂ ಮೊಹರು ಒತ್ತುವ ಹಾಗಿಲ್ಲ. ಆದರೆ ಎಲ್ಲ ಹೊಂದಿಕೆಯಾಗುತ್ತದೆ. ಒಳಗೆ ಹೋದ 12ರಿಂದ 48 ಗಂಟೆಗೆ ಶುರು, ವಾಂತಿಯೇ ಜೋರು, ಒಂದರಿಂದ ಮೂರು ದಿನಕ್ಕೆ ವಾಸಿ. ಹಳಸಿದ ಅಡುಗೆಯ ವಿಷ ಆಗಿದ್ದರೆ ಕೆಲವು ಸಲ ಕೈ ತೊಳೆದು ಮನೆಗೆ ಹೋಗುವಷ್ಟರಲ್ಲೇ ವಾಂತಿ ಶುರುವಾಗುತ್ತದೆ.

ಈಗ ಸ್ಯಾನಿಟೈಸರ್ ವಿಷಯ. ನೀವೊಬ್ಬರೇ ಅಲ್ಲ, ಎಲ್ಲರೂ ಇದನ್ನೇ ಮಾಡುತ್ತಾರೆ. ಕೊರೊನಾ ವೈರಸ್ಸಿಗೆ ಮೈಮೇಲೆ ಕೊಬ್ಬಿನ ಹೊದಿಕೆ ಇರುತ್ತದೆ, ಆಲ್ಕೋಹಾಲ್ ಅದನ್ನು ಕರಗಿಸುತ್ತದೆ. ನೊರೊವೈರಸ್ಸಿಗೆ ಆ ಹೊದಿಕೆಯೇ ಇಲ್ಲ, ಬರೀ ಪ್ರೋಟೀನ್ ಚಿಪ್ಪು. ಸ್ಯಾನಿಟೈಸರಿಗೆ ಅದು ಅಷ್ಟಾಗಿ ಬಗ್ಗುವುದಿಲ್ಲ. ಸೋಪು ಹಾಕಿ ಉಜ್ಜಿ, ಹರಿಯುವ ನೀರಿನಲ್ಲಿ ತೊಳೆದರೆ ಕೊಲ್ಲದಿದ್ದರೂ ಕೈಯಿಂದ ಜಾರಿಸಿ ಕಳಿಸುತ್ತದೆ. ಮಗು ಸರಿಹೋದ ಮೇಲೂ ಎರಡು ವಾರ, ಇನ್ನೂ ಜಾಸ್ತಿ ದಿನ, ಮಲದಲ್ಲಿ ವೈರಸ್ ಹೋಗುತ್ತಿರುತ್ತದೆ. ವಾಂತಿ ಆದ ನೆಲಕ್ಕೆ ಫಿನಾಯಿಲ್ ವಾಸನೆ ಸಾಲದು. ಬ್ಲೀಚ್ ಬೇಕು. ಅಂಗಡಿಯಲ್ಲಿ ಸಿಗುವ 5 ಪರ್ಸೆಂಟಿನ ದ್ರಾವಣ ಲೀಟರ್ ನೀರಿಗೆ 20 ಎಂಎಲ್‌ಗಿಂತ ಕಡಿಮೆ ಇರಬಾರದು. ಗ್ಲೌಸ್ ಹಾಕಿಕೊಂಡು, ಕಿಟಕಿ ತೆಗೆದು ಒರೆಸಿ. ಆಸಿಡ್ ಜತೆ ಮಾತ್ರ ಬೆರೆಸಬೇಡಿ, ವಿಷದ ಗಾಳಿ ಬರುತ್ತದೆ.

ಫ್ರೀಜರ್ ಅಂತೂ ವೈರಸ್ಸಿಗೆ ತವರುಮನೆ. ಒಂದು ವಾರ ಅಲ್ಲ, ತಿಂಗಳುಗಟ್ಟಲೆ ಸುಖವಾಗಿರುತ್ತದೆ.

ಪೆಟ್ರಿತಟ್ಟೆ (ಹಾಸನ)

ಅಕ್ಕ, ನಿಮಗೆ ಸಮಾಧಾನ ಆಗಲಿ ಅಂತ ಅಲ್ಲ, ನಿಜವಾಗಿ ನಡೆದಿದ್ದು ಹೇಳುತ್ತೇನೆ. 2012ರ ಸೆಪ್ಟೆಂಬರ್‌ನಲ್ಲಿ ಪೂರ್ವ ಜರ್ಮನಿಯ ಶಾಲೆ, ಶಿಶುವಿಹಾರಗಳಲ್ಲಿ ಹತ್ತಿರ ಹತ್ತಿರ 11,000 ಜನಕ್ಕೆ ಒಂದೇ ಸಲ ವಾಂತಿಭೇದಿ ಹತ್ತಿತು. ಹುಡುಕಿಕೊಂಡು ಹೋದರೆ ಸಿಕ್ಕಿದ್ದು ಚೀನಾದಿಂದ ಬಂದ ಫ್ರೋಜನ್ ಸ್ಟ್ರಾಬೆರಿ. ಅದರಲ್ಲಿ ನೊರೊವೈರಸ್ ಇತ್ತು. ಮರುವರ್ಷ ಅಮೆರಿಕದಲ್ಲಿ ಫ್ರೋಜನ್ ಬೆರಿ ಮಿಶ್ರಣ ತಿಂದು 160ಕ್ಕೂ ಹೆಚ್ಚು ಜನಕ್ಕೆ ಹೆಪಟೈಟಿಸ್ ಎ, ಅಂದರೆ ಕಾಮಾಲೆ. ಮೂಲ ಆ ಮಿಶ್ರಣಕ್ಕೆ ಹಾಕಿದ್ದ ಟರ್ಕಿಯ ದಾಳಿಂಬೆ ಕಾಳು.

ದಾಳಿಂಬೆ! ರಸ ವೈರಸ್ಸನ್ನು ಕಟ್ಟಿಹಾಕುತ್ತದೆ ಅಂತ ಲ್ಯಾಬಿನಲ್ಲಿ ನೋಡಿದ ಅದೇ ಹಣ್ಣು. ನನಗೆ ಇದನ್ನು ಮೊದಲ ಸಲ ಓದಿದಾಗ ನಗು ಬಂದಿತ್ತು. ಲೋಟದಲ್ಲಿ ಗೆಲ್ಲುವ ಹಣ್ಣು ಡಬ್ಬಿಯಲ್ಲಿ ಸೋಲುತ್ತದೆ. ಹಣ್ಣಿನ ಮೇಲೆ ಅಂಟಿದ ವೈರಸ್ಸಿಗೂ ಸಿಪ್ಪೆಯೊಳಗಿನ ಟ್ಯಾನಿನ್ನಿಗೂ ಭೇಟಿಯೇ ಆಗುವುದಿಲ್ಲ ಅಂತಿಟ್ಟುಕೊಳ್ಳಿ. ಕಿವುಚಿದ ಮೇಲೆ ಆದರೂ ಒಂದು ಕೋಟಿಯ ಲೆಕ್ಕ ಇದೆಯಲ್ಲ. ಜತೆಗೆ ಪ್ರಯೋಗ ನಡೆದಿದ್ದು ಕೋಣೆಯ ಉಷ್ಣತೆಯಲ್ಲಿ, ನಿಮ್ಮದು ಮಂಜುಗಡ್ಡೆ.

ಕಾಮಾಲೆಯದ್ದು ಇನ್ನೂ ಕಷ್ಟ. ಒಳಗೆ ಹೋಗಿ ಕಣ್ಣು ಹಳದಿ ಆಗಲು 15ರಿಂದ 50 ದಿನ ಬೇಕು. ಅಷ್ಟರಲ್ಲಿ ಎಲ್ಲಿ ಏನು ತಿಂದೆವು ಅಂತ ಯಾರಿಗೆ ನೆನಪಿರುತ್ತದೆ? ಅದಕ್ಕೆ ಲಸಿಕೆಯಾದರೂ ಇದೆ. ನೊರೊವೈರಸ್ಸಿಗೆ ಅದೂ ಇಲ್ಲ.

ಲೈನ್‌ಮನೆ (ಕಳಸ ಹತ್ತಿರ)

ಎಲ್ಲರೂ ಕೈ ತೊಳೆಯಿರಿ ಅಂತಿದ್ದೀರಿ, ಸರಿ. ನಾನು ಬೆಳೆದಿದ್ದು ಎಸ್ಟೇಟಿನ ಲೈನ್ ಮನೆಯಲ್ಲಿ, ಅಂದರೆ ಕೂಲಿಯವರ ಸಾಲುಮನೆಯಲ್ಲಿ. ಅಮ್ಮ ಈಗಲೂ ಕುಯ್ಲಿಗೆ ಹೋಗುತ್ತಾರೆ. ಬೆಳಿಗ್ಗೆ 8ರಿಂದ ಸಂಜೆವರೆಗೆ ಗುಡ್ಡದ ಮೇಲೆ. ಕಕ್ಕಸಿಲ್ಲ. ನೀರು ಅಂದರೆ ಕುಡಿಯಲು ತಂದ ಎರಡು ಲೀಟರ್ ಬಾಟಲಿ, ಅದರಲ್ಲೇ ಎಲ್ಲ. ಸೋಪು ಯಾರೂ ಕೊಟ್ಟಿದ್ದು ನೋಡಿಲ್ಲ. ಕಾಫಿ ಹಣ್ಣು ಒಣಗುತ್ತದೆ, ಹುರಿಯುತ್ತಾರೆ, ತೊಂದರೆ ಇಲ್ಲ. ಅದೇ ಕೈಯಲ್ಲಿ ನೇರಳೆ, ನೆಲ್ಲಿ, ಸ್ಟ್ರಾಬೆರಿ ಕುಯ್ಯಿಸಿ ಹಸಿಯಾಗಿ ಪೇಟೆಗೆ ಕಳಿಸುವವರೂ ಇದ್ದಾರೆ. ಆಮೇಲೆ ಆಳುಗಳು ಗಲೀಜು ಅಂತಾರೆ. ಜರ್ಮನಿಗೆ ಹೋದ ಆ ಸ್ಟ್ರಾಬೆರಿ ಕುಯ್ದವರಿಗೂ ನಲ್ಲಿ ಇರಲಿಲ್ಲವೇನೋ.

ಗುಡ್ಡದಜ್ಜ (ಸಕಲೇಶಪುರ)

ಈ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲಪ್ಪ. ನಮ್ಮ ತೋಟದಲ್ಲೂ ಹಾಗೇ ಇತ್ತು. ಮೇಲಿನ ಬ್ಲಾಕಿಗೆ ಅಬ್ಬಿಯಿಂದ ಪೈಪ್ ಎಳೆದಿದ್ದು ಕಾಳುಮೆಣಸಿಗೆ ಔಷಧಿ ಹೊಡೆಯಲು, ಆಳುಗಳಿಗೆ ಕೈ ತೊಳೆಯಲು ಅಲ್ಲ. ಅದೇ ಪೈಪಿಗೆ ಒಂದು ನಲ್ಲಿ ಕೂರಿಸಲು ಎಷ್ಟು ಖರ್ಚು? ನಾಳೆ ತೋಟದ ಲೆಕ್ಕ ನೋಡುವ ರೈಟರಿಗೆ ಹೇಳುತ್ತೇನೆ.

ಅಬ್ಬಿ ನೀರು ಕುಡಿಯಬಹುದಾ? ನಾವು ಹುಟ್ಟಿದಾಗಿನಿಂದ ಕುಡಿದಿದ್ದೇವೆ.

ರಾತ್ರಿಪಾಳಿ (ಚಿಕ್ಕಮಗಳೂರು, ನರ್ಸ್)

ಕುದಿಸಿ ಅಜ್ಜ. ಮೊದಲ ಮಳೆಗೆ ಮೇಲಿನದ್ದೆಲ್ಲ ತೊಳೆದುಕೊಂಡು ಬರುವುದು ಅದೇ ನೀರಿಗೆ. ತಿಳಿ ಇದ್ದರೆ ಶುದ್ಧ ಅಂತ ಅಲ್ಲ.

ಭೇದಿ ಆದಾಗ ಒಗರು ಕಷಾಯ ಕೊಟ್ಟರೆ ಕೊಡಿ, ಜಗಳ ಇಲ್ಲ, ಆದರೆ ಜೀವ ಉಳಿಸುವುದು ನೀರು ಮತ್ತು ಉಪ್ಪು. ಓಆರ್‌ಎಸ್ ಪುಡಿ ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರು, ಚಹಾ ಚಮಚದಲ್ಲಿ ಮಟ್ಟವಾಗಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಗುಟುಕು ಗುಟುಕಾಗಿ. ಮಗು ಸೊರಗಿದರೆ, ಉಚ್ಚೆ ಹೊಯ್ಯುವುದು ಕಡಿಮೆಯಾದರೆ ಕಾಯಬೇಡಿ, ಕರೆದುಕೊಂಡು ಬನ್ನಿ.

ಜ್ಯೂಸಣ್ಣ (ಚಿಕ್ಕಮಗಳೂರು)

ಸ್ಟಿಕ್ಕರ್ ಕ್ಯಾನ್ಸಲ್. ಆದರೆ ನನ್ನ ಹೊಟ್ಟೆಪಾಡು? ಹೋಂಸ್ಟೇಗಳಿಗೆ ಫ್ರೋಜನ್ ತಿರುಳು ಕೊಡುವುದು ನಾನೇ. ಏನು ಮಾಡಲಿ ಹೇಳಿ.

ಪೆಟ್ರಿತಟ್ಟೆ (ಹಾಸನ)

ಕುದಿಸಿ ಅಣ್ಣ. ಹೊರಗಿನಿಂದ ಬಂದ ಫ್ರೋಜನ್ ಬೆರಿಯನ್ನು ತಿನ್ನುವ ಮುಂಚೆ ಒಂದು ನಿಮಿಷ ಕುದಿಸಿ ಅಂತ ಐರ್ಲೆಂಡಿನ ಆಹಾರ ಸುರಕ್ಷತಾ ಪ್ರಾಧಿಕಾರವೇ ಜನರಿಗೆ ಹೇಳುತ್ತದೆ. ತಿರುಳನ್ನು ದಪ್ಪ ತಳದ ಪಾತ್ರೆಯಲ್ಲಿ ಇಟ್ಟು, ತಳದಿಂದ ತಿರುವುತ್ತಾ, ಎಲ್ಲ ಕಡೆ ಕೊತಕೊತ ಅಂದ ಮೇಲೆ ಒಂದು ನಿಮಿಷ ಬಿಡಿ. ಅಂಚಿನಲ್ಲಿ ಗುಳ್ಳೆ ಬಂದ ಕೂಡಲೇ ಇಳಿಸಬೇಡಿ, ನಡುವೆ ಇನ್ನೂ ಬೆಚ್ಚಗಿರುತ್ತದೆ ಅಷ್ಟೇ. ಆರಿಸಿದ ಮೇಲೆ ಮತ್ತೆ ಕೈ ಹಾಕದೆ ಡಬ್ಬಿಗೆ ತುಂಬಿ. ಅಲ್ಲಿ ಕೈ ಹಾಕಿದರೆ ಕುದಿಸಿದ್ದು ದಂಡ.

ಜ್ಯೂಸಣ್ಣ (ಚಿಕ್ಕಮಗಳೂರು)

ಇವತ್ತು ಒಂದು ಪಾತ್ರೆ ಮಾಡಿ ನೋಡಿದೆ. ಬಣ್ಣ ಸ್ವಲ್ಪ ಕಂದು ತಿರುಗಿತು, ಹಸಿ ಘಮ ಹೋಯಿತು. ನಿಂಬೆ ಹಿಂಡಿದರೆ ಬಣ್ಣ ಮತ್ತೆ ಕೆಂಪಗೆ ಎದ್ದು ಬರುತ್ತದೆ. ಗಿರಾಕಿ ಒಬ್ಬ ಇದೇ ಚೆನ್ನಾಗಿದೆ ಅಂದ. ಇನ್ನೊಬ್ಬ ಜಾಮ್ ನೀರಿಗೆ ಕಲಸಿದ್ದೀರಾ ಅಂದ.

ಅಂದ ಹಾಗೆ, ಕ್ರ್ಯಾನ್‌ಬೆರಿ ಯಾರಾದರೂ ತಿಂದಿದ್ದೀರಾ? ಪೇಟೆಯಲ್ಲಿ ಒಣಗಿಸಿದ್ದು ಸಿಗುತ್ತದೆ, ಬರೀ ಸಕ್ಕರೆ. ಅದಕ್ಕಿಂತ ನಮ್ಮ ಕವಳಿಕಾಯಿ ವಾಸಿ. ಬೇಕರಿ ಕೇಕಿನ ಮೇಲೆ ಚೆರ್ರಿ ಅಂತ ಇಡುತ್ತಾರಲ್ಲ, ಅದು ಎಷ್ಟೋ ಕಡೆ ಬಣ್ಣ ಕಟ್ಟಿದ ಕವಳಿಕಾಯಿಯೇ.

ಕವಳಿಮುಳ್ಳು (ಮೂಡಿಗೆರೆ ಕಡೆ)

ನನ್ನ ಹೆಸರಿನ ಕಾಯಿಗೆ ಇಷ್ಟು ಮರ್ಯಾದೆ ಸಿಕ್ಕಿದ್ದು ಖುಷಿ.

ಭಾನುವಾರ ಭಟ್ಟರ ಮನೆಗೆ ಹೋಗಿದ್ದೆ, ಕಡೂರು ರಸ್ತೆಯಲ್ಲಿ. ಎಲ್ಲ ಹೇಳಿದೆ. ಮಗನ ವಾಂತಿ, ಸ್ಯಾನಿಟೈಸರ್, ಬಾಳೂರಿನ ಜೀಪ್ ಎಲ್ಲ. ಅವರು ತುಂಬ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಎರಡು ಮದುವೆ ಕೈಬಿಟ್ಟು ಹೋಯಿತಮ್ಮ" ಅಂದರು. ಕಾಫಿ ಕೊಟ್ಟರು. ನಾನು ಆ ಎರಡೂ ಮನೆಗೆ ಫೋನ್ ಮಾಡಿ ತಪ್ಪು ನಮ್ಮದು ಅಂತ ಹೇಳಿದ್ದೇನೆ. ಒಂದು ಮನೆಯವರು ಒಪ್ಪಿದರು. ಇನ್ನೊಬ್ಬರು ಬೇರೆಯವರಿಗೆ ಅಡ್ವಾನ್ಸ್ ಕೊಟ್ಟಾಗಿದೆ.

ಸೌಟು (ಆಲೂರು)

ಫೋನ್ ಮಾಡಿದಿರಲ್ಲ, ಅಷ್ಟು ಮಾಡುವವರೂ ಕಡಿಮೆ ಮೇಡಂ.

ನಾನೂ ಒಂದು ಕೆಲಸ ಮಾಡಿದೆ. ಬೇಲೂರು ಹತ್ತಿರ ಒಂದು ಬೀಗರೂಟ ಇತ್ತು. ತರಕಾರಿ ಹೆಚ್ಚಲು ಬಂದ ಹೆಂಗಸರಿಗೆ, ಬಡಿಸುವ ಹುಡುಗರಿಗೆ ಮೊದಲೇ ಕೇಳಿದೆ, ಯಾರಿಗಾದರೂ ಹೊಟ್ಟೆ ಕೆಟ್ಟಿದೆಯಾ ಅಂತ. ಒಬ್ಬ ಹುಡುಗ ಕೈ ಎತ್ತಿದ. ಕೂಲಿ ಹೋಗುತ್ತದೆ ಅಂತ ಹೆದರಿದ್ದ. ಕೂಲಿ ಕೊಡುತ್ತೇನೆ, ಕುರ್ಚಿ ಜೋಡಿಸು, ಎಲೆ ಹತ್ತಿರ ಬರಬೇಡ ಅಂದೆ. ಡ್ರಮ್ಮಿನ ನಲ್ಲಿ ಹತ್ತಿರ ಸೋಪು ಇಟ್ಟೆ. ಅರ್ಧ ಗಂಟೆಗೆ ಮಾಯ. ಇನ್ನೊಂದು ಇಟ್ಟೆ, ಅದೂ ಹೋಯಿತು.

ಲೈನ್‌ಮನೆ (ಕಳಸ ಹತ್ತಿರ)

ಈರುಳ್ಳಿ ಬರುವ ಕೆಂಪು ಬಲೆ ಚೀಲ ಇರುತ್ತದಲ್ಲ, ಅದರ ತುಂಡಿನಲ್ಲಿ ಸೋಪು ಹಾಕಿ ನಲ್ಲಿ ಕುತ್ತಿಗೆಗೆ ಗಟ್ಟಿಯಾಗಿ ಕಟ್ಟಿ ಅಣ್ಣ. ಬಲೆ ಮೇಲೇ ಕೈ ಉಜ್ಜಿದರೆ ನೊರೆ ಬರುತ್ತದೆ. ನಮ್ಮ ಶಾಲೆಯಲ್ಲಿ ಹಾಗೇ ಕಟ್ಟಿದ್ದರು. ಕೊನೆಯ ಚೂರು ಕರಗುವವರೆಗೂ ಅಲ್ಲೇ ಇರುತ್ತಿತ್ತು.

ಗುಡ್ಡದಜ್ಜ (ಸಕಲೇಶಪುರ)

ನಲ್ಲಿ ಕೂರಿಸಿದ್ದು ನಿನ್ನೆ. ಬಲೆ ಚೀಲ ನಮ್ಮ ಮನೆಯಲ್ಲಿ ನಾಲ್ಕಿದೆ. ನಾಳೆ ಕಟ್ಟಿಸುತ್ತೇನೆ.